ಹುಡುಕಿದರೆ ಸಿಗದ ಹಂಪಿ

ಸಂಶೋಧಕಿ: ಡಿಜಿಟಲ್ ಸಂಗ್ರಹ ಅಂದರೆ ಶಾಸನ, ಹಸ್ತಪ್ರತಿ, ಅಚ್ಚಾದ ಪುಸ್ತಕ, ಛಾಯಾಚಿತ್ರ, ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಏರಿಸಿ, ಪ್ರತಿಯೊಂದಕ್ಕೂ ವಿವರ ಬರೆದು, ಹುಡುಕಿದರೆ ಸಿಗುವಂತೆ ಇಟ್ಟ ಭಂಡಾರ. ಈಗ ಮಾನವಿಕ ವಿಷಯಗಳವರು ಅದನ್ನು ಓದುವುದಷ್ಟೇ ಅಲ್ಲ, ಎಣಿಸುತ್ತಾರೆ ಕೂಡ. ಒಂದು ಪದ ಯಾವ ಶತಮಾನದಲ್ಲಿ ಎಷ್ಟು ಸಲ ಬಂತು, ಒಂದು ಊರಿನ ಹೆಸರು ಎಷ್ಟು ದಾಖಲೆಗಳಲ್ಲಿದೆ ಎಂದು ಕೇಳಿ ಅದರಿಂದ ತೀರ್ಮಾನಕ್ಕೆ ಬರುತ್ತಾರೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯಂಥ ಒಂದು ಸಣ್ಣ ಸೀಮೆಗೆ ಈ ವಿಧಾನ ತುಂಬ ಒಪ್ಪುತ್ತದೆ ಅಲ್ಲವೇ ಸರ್? ಇಡೀ ಸೀಮೆಯ ದಾಖಲೆ ಒಂದೇ ಪರದೆಯ ಮೇಲೆ ಬರುತ್ತದೆ.

ಶಾಸನಜ್ಞರು: ಇಡೀ ಸೀಮೆಯದು ಬರುವುದಿಲ್ಲ ಕಣಮ್ಮ. ಹೊಸಪೇಟೆಯಿಂದ ಸಂಡೂರಿಗೂ ಕಂಪ್ಲಿಗೂ ಬಸ್ಸಿನಲ್ಲಿ ಒಂದು ತಾಸಿನ ಆಸುಪಾಸು. ಆದರೆ ಈ ಸೀಮೆಯ ಕಾಗದಪತ್ರ ಮೂರು ಸರ್ಕಾರಗಳ ಕಪಾಟುಗಳಲ್ಲಿ ಹಂಚಿಹೋಗಿದೆ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಹಂಪಿ, ಹೊಸಪೇಟೆ, ಕಂಪ್ಲಿ ಮದ್ರಾಸಿನ ಆಡಳಿತಕ್ಕೆ ಬಂದವು. ಹೊಳೆ ದಾಟಿದರೆ ಆನೆಗೊಂದಿ, ಅದು ಹೈದರಾಬಾದಿನ ಪಾಲು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ, 1949ರಲ್ಲಿ ಮದ್ರಾಸಿಗೆ ಸೇರಿತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಒಂದೇ ವಿಜಯನಗರ ಪಟ್ಟಣದ ದಕ್ಷಿಣ ದಡದ ದಾಖಲೆ ಚೆನ್ನೈ ಮತ್ತು ಲಂಡನ್ ದಾರಿ ಹಿಡಿಯಿತು, ಉತ್ತರ ದಡದ್ದು ಹೈದರಾಬಾದಿಗೆ ಹೋಯಿತು. ಸ್ಕ್ಯಾನರ್ ಬಂದದ್ದು ಇದೆಲ್ಲ ಆದ ಎಷ್ಟೋ ವರ್ಷಕ್ಕೆ. ಯಾವ ಕಪಾಟಿನ ಬೀಗ ಮೊದಲು ತೆಗೆಯಿತೋ ಆ ಕಡೆಯದು ಹೆಚ್ಚು ಕಾಣುತ್ತದೆ.

ಸಂಶೋಧಕಿ: ಶಾಸನಗಳಿಗೂ ಇದು ಅನ್ವಯಿಸುತ್ತದೆಯೇ? ಕನ್ನಡ ಶಾಸನ ಎಂದೊಡನೆ ಎಲ್ಲರೂ ಮೊದಲು ತೆರೆಯುವುದು ‘ಎಪಿಗ್ರಾಫಿಯಾ ಕರ್ನಾಟಿಕಾ’.

ಶಾಸನಜ್ಞರು: ಅದಕ್ಕೇ ಮೊದಲು ಅನ್ವಯಿಸುವುದು. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಸಂಪುಟದಿಂದ ಶುರುಮಾಡಿದ ಆ ಮಾಲೆ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೀಮಿತ. ಬಳ್ಳಾರಿ ಅದರ ಗಡಿಯ ಹೊರಗಿತ್ತು. ನಮ್ಮ ಕಡೆಯ ಕನ್ನಡ ಶಾಸನಗಳು ದೊಡ್ಡ ಸಂಖ್ಯೆಯಲ್ಲಿ ಅಚ್ಚಾದದ್ದು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ. ಅದರ ಎರಡು ಭಾಗಗಳು 1939 ಮತ್ತು 1941ರಲ್ಲಿ ಬಂದವು. ಕೊಪ್ಪಳದ ಶಾಸನಗಳು 1935ರಲ್ಲಿ ಹೈದರಾಬಾದಿನ ಬೇರೊಂದು ಮಾಲೆಯಲ್ಲಿ ಬಂದವು. ಕಮಲಾಪುರದ ಹತ್ತಿರ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಸ್ಥಾಪನೆಯಾಗಿ ತನ್ನದೇ ಶಾಸನ ಸಂಪುಟಗಳನ್ನು ತರತೊಡಗಿದ ಮೇಲೆ ಈ ಅಂತರ ಬಹುಮಟ್ಟಿಗೆ ತುಂಬಿತು. ಆದರೆ ಅಂತರ್ಜಾಲದಲ್ಲಿ ಸುಲಭಕ್ಕೆ ಸಿಗುವುದು ರೈಸ್ ಸಂಪುಟಗಳು. ಅವು ಹಳೆಯವು, ಹಕ್ಕುಸ್ವಾಮ್ಯ ಮುಗಿದವು, ಇಂಗ್ಲಿಷ್ ಅನುವಾದವೂ ಇರುವಂಥವು. ಅವನ್ನಷ್ಟೇ ಎಣಿಸಿ ಕರ್ನಾಟಕದಲ್ಲಿ ಕೆರೆ ಕಟ್ಟಿಸಿದವರ ನಕ್ಷೆ ಬರೆದರೆ ಮೈಸೂರು, ಹಾಸನಗಳು ಕೆರೆಗಳಿಂದ ತುಂಬಿ, ತುಂಗಭದ್ರೆಯ ಬಯಲು ಬರಿದಾಗಿ ಕಾಣುತ್ತದೆ. ಅದು ನೀರಾವರಿಯ ನಕ್ಷೆ ಆಗುವುದಿಲ್ಲ, ರೈಸ್ ಸಾಹೇಬರ ತಿರುಗಾಟದ ನಕ್ಷೆ ಆಗುತ್ತದೆ.

ಸಂಶೋಧಕಿ: ಊರಿನ ಹೆಸರುಗಳದೂ ಒಂದು ಪಾಡು. 2014ರ ನವೆಂಬರಿನಲ್ಲಿ ರೋಮನ್ ಅಕ್ಷರದ ಅಧಿಕೃತ ಕಾಗುಣಿತ ಬದಲಾಯಿತು, ‘ಹಾಸ್ಪೆಟ್’ ಹೋಗಿ ‘ಹೊಸಪೇಟೆ’ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹಳೆಯ ದಾಖಲೆಗಳ ವಿವರಪಟ್ಟಿಯಲ್ಲಿ ಹೊಸಪೇಟೆ, ಹಂಪಿ ಎರಡೂ ಬಳ್ಳಾರಿ ಜಿಲ್ಲೆಯೇ. ಹೊಸ ಜಿಲ್ಲೆಯ ಹೆಸರು ಕೊಟ್ಟು ಹುಡುಕಿದರೆ ಹಳೆಯ ದಾಖಲೆಯೆಲ್ಲ ಮಾಯ.

ಶಾಸನಜ್ಞರು: ಅದು ಸರಿಪಡಿಸಬಹುದಾದ ತೊಂದರೆ. ಒಂದು ಊರಿನ ಎಲ್ಲ ಹೆಸರು, ಎಲ್ಲ ಕಾಗುಣಿತ, ಯಾವ ವರ್ಷ ಯಾವ ತಾಲ್ಲೂಕು ಎಂಬ ಕೋಷ್ಟಕ ಮಾಡಿಕೊಂಡರೆ ಆಯಿತು. ತಾಳ್ಮೆ ಬೇಕು, ಅಷ್ಟೆ. ಸುಲಭಕ್ಕೆ ಬಗೆಹರಿಯದ್ದು ವಿಷಯಸೂಚಿಯದು. ಹಂಪಿಯಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ, ಎರಡನೆಯ ದೇವರಾಯನ ಕಾಲದಲ್ಲಿ, ಒಂದು ಮಸೀದಿ ಕಟ್ಟಿಸಿದ. ಕಟ್ಟಡ ಇವತ್ತಿಗೂ ಇದೆ, ಶಾಸನವೂ ಇದೆ. ಶಾಸನ ಅದನ್ನು ಕರೆಯುವುದು ಧರ್ಮಶಾಲೆ ಎಂದು. ಶಾಸನಪಾಠಗಳಲ್ಲಿ ಮಸೀದಿಗಾಗಿ ಹುಡುಕುವ ಯಂತ್ರಕ್ಕೆ ಇದು ಸಿಗುವುದಿಲ್ಲ. ಧರ್ಮಶಾಲೆಗಳನ್ನು ಎಣಿಸುವ ಯಂತ್ರ ಇದನ್ನು ಯಾತ್ರಿಕರ ಛತ್ರಗಳ ಲೆಕ್ಕಕ್ಕೆ ಸೇರಿಸುತ್ತದೆ. ವಿಜಯನಗರದಲ್ಲಿ ಮುಸ್ಲಿಮರ ಬದುಕು ಹೇಗಿತ್ತು ಎಂದು ಕೇಳುವವರಿಗೆ ಇದಕ್ಕಿಂತ ಮುಖ್ಯವಾದ ಶಾಸನ ಕಡಿಮೆ. ಒಂದು ಎಣಿಕೆಯಲ್ಲಿ ಅದು ಇರುವುದೇ ಇಲ್ಲ, ಇನ್ನೊಂದರಲ್ಲಿ ತಪ್ಪು ಜಾಗದಲ್ಲಿ ಕೂತಿರುತ್ತದೆ. ಕಲ್ಲಿನ ಮುಂದೆ ನಿಂತವರಿಗೆ ಒಂದು ನಿಮಿಷದಲ್ಲಿ ಗೊತ್ತಾಗುವ ಸಂಗತಿ ಇದು.

ಸಂಶೋಧಕಿ: ಹಾಗಾದರೆ ಛಾಯಾಚಿತ್ರಗಳನ್ನು ಹೆಚ್ಚು ನಂಬಬಹುದೇ? ಅವುಗಳಲ್ಲಿ ಕಟ್ಟಡವೇ ಕಾಣುತ್ತದೆ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಹಂಪಿಯ ಚಿತ್ರಗಳಲ್ಲಿ ವಿಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಈಗ ಐವತ್ತು ರೂಪಾಯಿ ನೋಟಿನ ಮೇಲಿರುವ ರಥಕ್ಕೆ ಶಿಖರವಿಲ್ಲ. ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷದಲ್ಲಿ ಏನು ಬಿತ್ತು, ಏನನ್ನು ತೆಗೆದರು ಎಂದು ಗೊತ್ತಾಗುತ್ತದೆ. ಇದು ಸಂಗ್ರಹ ಇಲ್ಲದೆ ಸಾಧ್ಯವಿರಲಿಲ್ಲ.

ಶಾಸನಜ್ಞರು: ಒಪ್ಪಿದೆ. ಕಟ್ಟಡದ ಮಟ್ಟಿಗೆ ಅದು ಬಂಗಾರದಂಥ ಸಾಕ್ಷಿ. ಆದರೆ ಆ ಕಾಲದ ಕಾಗದದ ನೆಗೆಟಿವಿಗೆ ಬೆಳಕು ತಾಗಲು ಬಹಳ ಹೊತ್ತು ಬೇಕಿತ್ತು. ಮಸೂರದ ಮುಂದೆ ನಡೆದುಹೋದವರು, ದನ ಅಟ್ಟಿಕೊಂಡು ಹೋದವರು ಮೂಡುವುದೇ ಇಲ್ಲ. ಅಲ್ಲಾಡದೆ ನಿಂತವರು ಮಾತ್ರ ಉಳಿಯುತ್ತಾರೆ. ಹೀಗಾಗಿ ಹಂಪಿ ಜನರಿಲ್ಲದ ಊರಾಗಿ ಮೂಡಿತು. ರಾಬರ್ಟ್ ಸಿವೆಲ್ 1900ರಲ್ಲಿ ಬರೆದ ಪುಸ್ತಕದ ಹೆಸರೇ ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯ ಎನ್ನುತ್ತದೆ. ಯಾರು ಮರೆತಿದ್ದರು? ವಿರೂಪಾಕ್ಷನ ಜಾತ್ರೆಗೆ ಬರುತ್ತಿದ್ದವರಂತೂ ಮರೆತಿರಲಿಲ್ಲ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗಲೂ ಹೆಸರು ‘ಹಂಪಿಯ ಸ್ಮಾರಕಗಳ ಸಮೂಹ’. ಚಿತ್ರ, ಪುಸ್ತಕ, ಪಟ್ಟಿ, ಎಲ್ಲವೂ ಒಂದೇ ಕಡೆಗೆ ವಾಲಿವೆ. ಡಿಜಿಟಲ್ ಸಂಗ್ರಹ ಈ ವಾಲುವಿಕೆಯನ್ನು ಹುಟ್ಟಿಸಲಿಲ್ಲ, ಆನುವಂಶಿಕವಾಗಿ ಪಡೆಯಿತು.

ಸಂಶೋಧಕಿ: ಹೊಸದಾಗಿ ಮಾಡಿದ ಸಂಗ್ರಹಗಳು ಇದನ್ನು ತಿದ್ದಲಿಲ್ಲವೇ? ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಡಿಜಿಟಲ್ ಪರಂಪರೆಯ ಯೋಜನೆಗೆ ಹಂಪಿಯನ್ನೇ ಪ್ರಯೋಗಕ್ಷೇತ್ರವಾಗಿ ಆರಿಸಿಕೊಂಡಿತ್ತು. ಅದರ ಫಲಗಳು ‘ಡಿಜಿಟಲ್ ಹಂಪಿ’ ಎಂಬ ಇಂಗ್ಲಿಷ್ ಪುಸ್ತಕವಾಗಿ 2017ರಲ್ಲಿ ಬಂದವು.

ಶಾಸನಜ್ಞರು: ಒಳ್ಳೆಯ ಕೆಲಸವೇ. ಕಟ್ಟಡಗಳ ಮೂರು ಆಯಾಮದ ಮಾದರಿ, ವಿರೂಪಾಕ್ಷ ಗುಡಿಯ ಛಾವಣಿ ಚಿತ್ರಗಳ ಅಧ್ಯಯನ ಎಲ್ಲ ಅದರಲ್ಲಿದೆ. ಆದರೆ ಕಾಲ ನೋಡು. ಆ ಯೋಜನೆ ನಡೆಯುತ್ತಿದ್ದ ವರ್ಷಗಳಲ್ಲೇ, 2011ರ ಜುಲೈಯಲ್ಲಿ, ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಲಾಯಿತು. ಸ್ಮಾರಕ ರಕ್ಷಣೆಯ ದೃಷ್ಟಿಯಿಂದ ಅದು ಒತ್ತುವರಿ ತೆರವು. ಅಲ್ಲಿದ್ದವರಿಗೆ ಅದು ಊರು ಹೋದದ್ದು. ಯಾವುದು ಸರಿ ಎಂಬ ವಾದ ಬೇರೆ. ದತ್ತಾಂಶದ ದೃಷ್ಟಿಯಿಂದ ಹೇಳುವುದಾದರೆ, ಕಂಬ ಕಂಬಕ್ಕೂ ಅಳತೆ ಇದೆ, ಆ ಕಂಬಗಳ ನಡುವೆ ಸಂಸಾರ ಮಾಡಿದವರ ಮನೆ, ಬಾಗಿಲು, ವ್ಯಾಪಾರದ ದಾಖಲೆ ಪತ್ರಿಕಾ ವರದಿಗಳಲ್ಲಿ, ನ್ಯಾಯಾಲಯದ ಕಡತಗಳಲ್ಲಿ ಚೂರುಚೂರಾಗಿ ಬಿದ್ದಿದೆ.

ಇನ್ನೊಂದು ಮಾತು. ಕಮಲ ಮಹಲು, ರಾಣಿಯರ ಸ್ನಾನಗೃಹ, ಗಜಶಾಲೆ ಎಂಬ ಹೆಸರುಗಳು ವಿಜಯನಗರದ ಕಾಲದವಲ್ಲ. ಪಾಳುಬಿದ್ದ ಮೇಲೆ ನೋಡಲು ಬಂದವರು, ದಾರಿ ತೋರಿಸಿದವರು ಊಹಿಸಿ ಇಟ್ಟವು. ಕಾಗದದ ಮೇಲೆ ಅಂಥ ಹೆಸರಿನ ಪಕ್ಕ ಒಂದು ಅಡಿಟಿಪ್ಪಣಿ ಬರೆಯಲು ಜಾಗವಿರುತ್ತದೆ. ದತ್ತಾಂಶದ ಕೋಷ್ಟಕದಲ್ಲಿ ‘ಕಟ್ಟಡದ ಬಳಕೆ’ ಎಂಬ ಕಂಬಸಾಲಿನಲ್ಲಿ ‘ಸ್ನಾನಗೃಹ’ ಎಂದು ತುಂಬಿದರೆ ಊಹೆ ಅಲ್ಲಿಂದ ಮುಂದೆ ಸಂಗತಿಯಾಗಿ ಓಡಾಡುತ್ತದೆ.

ಸಂಶೋಧಕಿ: ಕಂಪ್ಲಿಗೆ ಬರೋಣ. ಹಂಪಿಯ ನೆರಳಿನಲ್ಲಿ ಅದು ತೀರ ಬಡವಾಗಿದೆ. ಪ್ರವಾಸಿಗರು ಮಾತಂಗ ಬೆಟ್ಟದ ಸೂರ್ಯೋದಯವನ್ನು ಎಡೆಬಿಡದೆ ಅಂತರ್ಜಾಲಕ್ಕೆ ಏರಿಸುತ್ತಾರೆ. ಕಂಪ್ಲಿ ಕೋಟೆಯ ಚಿತ್ರಗಳಿಗೆ ಹುಡುಕಾಡಬೇಕು.

ಶಾಸನಜ್ಞರು: ಅರಸರ ನೆಲೆಯಾಗಿ ಕಂಪ್ಲಿಯೇ ಹಿರಿಯದು. ಕಲ್ಯಾಣ ಚಾಲುಕ್ಯರ ಅರಮನೆ ಅಲ್ಲಿತ್ತು. ಅದನ್ನು ಚೋಳರು ಕೆಡವಿದ ಸುದ್ದಿ ನಮಗೆ ತಿಳಿದದ್ದು ಗೆದ್ದ ರಾಜಾಧಿರಾಜನ ತಮಿಳು ಪ್ರಶಸ್ತಿಯಿಂದ. ಆಮೇಲೆ ಅಲ್ಲಿಯ ಅರಸು ಕಂಪಿಲರಾಯ, ಅವನ ಮಗ ಗಂಡುಗಲಿ ಕುಮಾರರಾಮ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೈನ್ಯ ಆ ರಾಜ್ಯವನ್ನು ಮುಗಿಸಿತು. ಇದರ ಬಗ್ಗೆ ಹುಡುಕಿದರೆ ಮೊದಲು ಸಿಗುವುದು ಇಬ್ನ್ ಬತೂತನ ಪ್ರವಾಸಕಥನ, ಇಂಗ್ಲಿಷಿನಲ್ಲಿ, ಪದ ಪದವೂ ಹುಡುಕಲು ಬರುವಂತೆ. ದಿಲ್ಲಿಯ ಚರಿತ್ರೆಕಾರರ ಮಾತೂ ಹಾಗೆಯೇ ಸಿಗುತ್ತದೆ. ನಂಜುಂಡ ಕವಿಯ ಸಾಂಗತ್ಯ ಕಾವ್ಯ ‘ರಾಮನಾಥಚರಿತೆ’ಗೆ ಬಂದರೆ ಪುಟಗಳ ಚಿತ್ರ ಸಿಕ್ಕರೂ ಅದರೊಳಗೆ ಹುಡುಕುವುದು ಕಷ್ಟ. ಇನ್ನು ಹಾಡಾಗಿ ಉಳಿದ ಕುಮಾರರಾಮ ಇದ್ದಾನಲ್ಲ, ಅವನು ಎಣಿಕೆಯ ಹತ್ತಿರವೂ ಬರುವುದಿಲ್ಲ. ದಿಲ್ಲಿಯ ಕಣ್ಣಿನ ಕಂಪ್ಲಿ ದತ್ತಾಂಶವಾಯಿತು, ಕಂಪ್ಲಿಯ ಬಾಯಿಯ ಕಂಪ್ಲಿ ಆಗಲಿಲ್ಲ.

ಸಂಶೋಧಕಿ: ಹಾಡಿಗೂ ಸಂಗ್ರಹವಿದೆಯಲ್ಲ ಸರ್. ದರೋಜಿಯ ಬುರ್ರಕಥಾ ಈರಮ್ಮ ಹನ್ನೆರಡು ಮಹಾಕಾವ್ಯಗಳನ್ನು ನೆನಪಿನಿಂದ ಹಾಡುತ್ತಿದ್ದರು, ಕುಮಾರರಾಮನ ಕಥೆಯೂ ಅದರಲ್ಲಿತ್ತು. ವಿದ್ವಾಂಸರು ಬರೆದುಕೊಂಡು ಅಚ್ಚು ಹಾಕಿಸಿದ್ದಾರೆ. ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು.

ಶಾಸನಜ್ಞರು: ಅಚ್ಚಾದದ್ದು ಆ ಹಾಡಿನ ಸಾಹಿತ್ಯ. ಒಬ್ಬರು ಹೇಳುವ ಕಥೆ, ಜೊತೆಯವರು ಹಿಡಿಯುವ ಪಲ್ಲವಿ, ಚರ್ಮವಾದ್ಯದ ಪೆಟ್ಟು, ಕೇಳುವವರ ಮುಖ ನೋಡಿ ಕಥೆ ಹಿಗ್ಗಿಸುವುದು, ಕುಗ್ಗಿಸುವುದು, ಇದೆಲ್ಲ ಸೇರಿ ಬುರ್ರಕಥೆ. ಪುಸ್ತಕವಾಗುವಾಗ ಒಂದು ರಾತ್ರಿಯ ಪಾಠ ಆ ಕಾವ್ಯದ ಏಕೈಕ ಪಾಠವಾಗಿಬಿಡುತ್ತದೆ. ಅದರ ಮೇಲೆ ಪದಗಳ ಎಣಿಕೆ ನಡೆಸಿದರೆ ಪಲ್ಲವಿಯಲ್ಲಿ ಮತ್ತೆ ಮತ್ತೆ ಬರುವ ಮಾತೇ ಕಾವ್ಯದ ಮುಖ್ಯ ವಿಷಯ ಎಂದು ಯಂತ್ರ ಹೇಳುತ್ತದೆ. ಸಂಪಾದಕರು ಪಲ್ಲವಿಯನ್ನು ಒಂದೇ ಸಲ ಅಚ್ಚು ಮಾಡಿ ಉಳಿದಕಡೆ ಬಿಟ್ಟಿದ್ದರೆ ತದ್ವಿರುದ್ಧ ಉತ್ತರ ಬರುತ್ತದೆ. ಈರಮ್ಮನವರ ಸಮುದಾಯವಾದ ಬುಡ್ಗಜಂಗಮರ ಮನೆಮಾತು ತೆಲುಗು, ಹಾಡುವುದು ಕನ್ನಡದಲ್ಲಿಯೂ. ವಿವರಪಟ್ಟಿಯ ‘ಭಾಷೆ’ ಎಂಬ ಖಾನೆಯಲ್ಲಿ ಒಂದೇ ಹೆಸರಿಗೆ ಜಾಗವಿದ್ದರೆ ಏನು ಬರೆಯುತ್ತಾರೆ?

ಸಂಶೋಧಕಿ: ವಿಡಿಯೊ ಬಂದ ಮೇಲೆ ಈ ತೊಂದರೆ ಕಡಿಮೆಯಾಗಿರಬೇಕು.

ಶಾಸನಜ್ಞರು: ವಿಡಿಯೊದಲ್ಲಿ ಇನ್ನೊಂದು ತಮಾಷೆ ಇದೆ. ಈರಮ್ಮ ತೀರಿಕೊಂಡದ್ದು 2014ರಲ್ಲಿ. ಮೊಬೈಲ್ ಡೇಟಾ ಅಗ್ಗವಾಗಿ ಹಳ್ಳಿ ಹಳ್ಳಿಯಲ್ಲೂ ವಿಡಿಯೊ ಏರಿಸತೊಡಗಿದ್ದು 2016ರ ಕೊನೆಯಿಂದ ಈಚೆಗೆ. ಅದೇ ಸೀಮೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಅವರ ಮಾತು, ಕುಣಿತ, ಸಂದರ್ಶನ ಬೇಕಾದಷ್ಟು ಸಿಗುತ್ತವೆ. ಇಬ್ಬರೂ ದೊಡ್ಡ ಕಲಾವಿದರು. ವಿಡಿಯೊಗಳ ಸಂಖ್ಯೆ ಇಟ್ಟುಕೊಂಡು ಜೋಗತಿ ಪರಂಪರೆ ಬೆಳೆಯುತ್ತಿದೆ, ಬುರ್ರಕಥೆ ಅಳಿಯುತ್ತಿದೆ ಎಂದು ಪ್ರಬಂಧ ಬರೆದರೆ ಅದು ಡೇಟಾ ಪ್ಯಾಕಿನ ಬೆಲೆಯ ಚರಿತ್ರೆಯಾದೀತು. ಪ್ರಶಸ್ತಿ ಬಾರದ ಜೋಗತಿಯರು, ಹುಲಿಗೆಮ್ಮನ ಜಾತ್ರೆಯಲ್ಲಿ ಚೌಡಿಕೆ ಹಿಡಿದು ಹಾಡಿ ಮನೆಗೆ ಹೋಗುವವರು, ಎರಡು ಲೆಕ್ಕದಲ್ಲೂ ಇಲ್ಲ. ಕೆಲವು ಹಾಡುಗಳನ್ನು ದೇವಿಯ ಮುಂದೆ ಬಿಟ್ಟು ಬೇರೆಡೆ ಹಾಡಬಾರದು ಎಂದು ಅವರೇ ತಡೆದರೆ ಅದನ್ನು ಗೌರವಿಸಬೇಕಾಗುತ್ತದೆ. ಸಂಗ್ರಹದ ಎಲ್ಲ ಖಾಲಿ ಜಾಗವೂ ಅನ್ಯಾಯದಿಂದ ಆದದ್ದಲ್ಲ.

ಸಂಶೋಧಕಿ: ಅಚ್ಚಾದ ಕನ್ನಡ ಪುಸ್ತಕಗಳ ದತ್ತಾಂಶವಾದರೂ ಗಟ್ಟಿಯೇ? ಗೂಗಲ್ ಬುಕ್ಸಿನ ಪದಬಳಕೆ ನಕ್ಷೆಯಲ್ಲಿ ಕನ್ನಡ ಇಲ್ಲವೇ ಇಲ್ಲ. ಆದ್ದರಿಂದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳನ್ನೇ ಬಳಸಬೇಕಾಗುತ್ತದೆ.

ಶಾಸನಜ್ಞರು: ಅಲ್ಲಿ ಮೂರು ಜರಡಿಗಳಿವೆ. ಮೊದಲನೆಯದು ಕಾನೂನು. ನಮ್ಮಲ್ಲಿ ಲೇಖಕ ತೀರಿಕೊಂಡ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮುಕ್ತವಾಗಿ ಸಿಗುವುದು ಹೆಚ್ಚಾಗಿ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದ್ದು, ಅಂದರೆ ಮೈಸೂರು, ಧಾರವಾಡ, ಮಂಗಳೂರುಗಳ ಮುದ್ರಣಾಲಯಗಳ, ಬಹುಪಾಲು ಮೇಲ್ಜಾತಿ ಗಂಡಸರ ಬರಹ. ಎಪ್ಪತ್ತರ ದಶಕದ ದಲಿತ ಬರಹ, 1979ರಲ್ಲಿ ಹುಟ್ಟಿದ ಬಂಡಾಯ ಸಂಘಟನೆಯ ಬರಹ, ಆ ಮೇಲಿನ ಸ್ತ್ರೀವಾದಿ ಬರಹ ಇವೆಲ್ಲ ಬೀಗದೊಳಗೆ. ಹಕ್ಕು ಲೇಖಕರದೇ, ಅದರಲ್ಲಿ ತಪ್ಪಿಲ್ಲ. ಆದರೆ ಮುಕ್ತ ಪುಸ್ತಕಗಳನ್ನು ಮಾತ್ರ ಓದಿಸಿದ ಯಂತ್ರಕ್ಕೆ ಕನ್ನಡ ಎಂದರೆ 1930ರ ಕನ್ನಡ.

ಎರಡನೆಯದು ಅಕ್ಷರ ಗುರುತಿಸುವ ಒಸಿಆರ್. ಮಾಸಿದ ಮೊಳೆ ಅಚ್ಚಿನಲ್ಲಿ ಒತ್ತಕ್ಷರ ಮೇಲಿನ ಸಾಲಿಗೋ ಕೆಳಗಿನ ಸಾಲಿಗೋ ಸೇರಿಹೋಗುತ್ತದೆ. ಹಳಗನ್ನಡದ ಱ, ೞ ಬಂದರೆ ಇನ್ನಷ್ಟು ಗೊಂದಲ. ಈ ತಪ್ಪು ಎಲ್ಲ ಕಾಲದ ಪುಸ್ತಕಕ್ಕೂ ಸಮನಾಗಿ ಹಂಚಿದ್ದರೆ ಚಿಂತೆ ಇರಲಿಲ್ಲ. ಹಿಂದೆ ಹೋದಷ್ಟೂ ತಪ್ಪು ಹೆಚ್ಚುವುದರಿಂದ, ಒಂದು ಪದ 1890ರಲ್ಲಿ ವಿರಳ, 1950ರಲ್ಲಿ ಸಾಮಾನ್ಯ ಎಂಬ ಏರುರೇಖೆ ಬಂದರೆ ಅದರಲ್ಲಿ ಎಷ್ಟು ಭಾಷೆಯದು, ಎಷ್ಟು ಮುದ್ರಣದ ಗುಣಮಟ್ಟದ್ದು ಎಂದು ಬೇರ್ಪಡಿಸಬೇಕಾಗುತ್ತದೆ. ಪ್ರತಿ ದಶಕದಿಂದ ಕೆಲವು ಪುಟ ಆರಿಸಿ ಕೈಯಾರೆ ತಾಳೆ ನೋಡದೆ ಅಂಥ ರೇಖೆ ಎಳೆಯಬಾರದು.

ಮೂರನೆಯದನ್ನು ಯಾರೂ ನಿರೀಕ್ಷಿಸುವುದಿಲ್ಲ. ಕಂಪ್ಯೂಟರಿನಲ್ಲೇ ಹುಟ್ಟಿದ ಬರಹ ಸುಲಭಕ್ಕೆ ಸಿಗಬೇಕಲ್ಲ? 1990ರ ದಶಕದಿಂದ ಬಹುಕಾಲ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತಗಳಲ್ಲಿ ಪುಟ ಕಟ್ಟಲಾಯಿತು. ಆ ಕಡತಗಳಲ್ಲಿ ಯೂನಿಕೋಡ್ ಕನ್ನಡ ಇಲ್ಲ, ಯಂತ್ರಕ್ಕೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪರಿವರ್ತಿಸುವ ಸಾಧನಗಳಿವೆ, ಪರಿವರ್ತಿಸಬೇಕು ಎಂದು ಯಾರಿಗಾದರೂ ತೋಚಬೇಕು. 1890ರ ಪುಸ್ತಕಕ್ಕಿಂತ 1995ರ ಪುಸ್ತಕ ಹುಡುಕಾಟಕ್ಕೆ ದೂರವಾಗಿರುವುದು ಹೀಗೆ.

ಸಂಶೋಧಕಿ: ಸಂಡೂರಿನ ಬಗ್ಗೆ ಮಾತ್ರ ಡಿಜಿಟಲ್ ದಾಖಲೆಗೆ ಬರವಿಲ್ಲ. ಲೋಕಾಯುಕ್ತರ 2008 ಮತ್ತು 2011ರ ವರದಿಗಳು, 2011ರ ಜುಲೈಯಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟಿನ ಆದೇಶ, 2013ರ ತೀರ್ಪು, ಉಪಗ್ರಹ ಚಿತ್ರಗಳು.

ಶಾಸನಜ್ಞರು: ಅದೇ ಜುಲೈಯಲ್ಲಿ ಹಂಪಿಯ ಬಜಾರು ತೆರವಾಯಿತು, ನೋಡು. ಸಂಡೂರಿನ ಭಂಡಾರ ಅದಿರಿನ ಭಂಡಾರ. ಟನ್ನು, ಪರವಾನಗಿ, ಗಡಿ ಒತ್ತುವರಿ, ದಂಡ ಎಲ್ಲದಕ್ಕೂ ಲೆಕ್ಕವಿದೆ. ಅದಕ್ಕೂ ಹಿಂದಿನ ಸಂಸ್ಥಾನದ ಕಾಲಕ್ಕೆ ಹೋದರೆ ದಾರಿ ಕತ್ತಲೆ. ಮರಾಠ ದಫ್ತರಗಳ ರೂಢಿಯ ಬರಹ ಮೋಡಿ ಲಿಪಿ, ಅದನ್ನು ಸರಾಗವಾಗಿ ಓದುವ ಕನ್ನಡಿಗರು ವಿರಳ. ತಾಂಡಾಗಳ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದರಿಂದ ಹೊಲಿಗೆಯ ಬಗೆ, ಬಣ್ಣ, ಕನ್ನಡಿ ಚೂರುಗಳ ವಿವರ ದಾಖಲಾಯಿತು. ಮಾರಾಟವಾಗುವ ವಸ್ತುವಿಗೆ ದಾಖಲೆ ಬೇಗ ಹುಟ್ಟುತ್ತದೆ. ಕಸೂತಿ ಹಾಕುತ್ತ ಹಾಡುವ ಹಾಡಿಗೆ ಅಂಥ ಅರ್ಜಿ ನಮೂನೆ ಇಲ್ಲ. ಲಂಬಾಣಿ ಮಾತಿಗೆ ಸ್ವಂತ ಲಿಪಿಯಿಲ್ಲದ್ದರಿಂದ ಬರೆದಿಟ್ಟದ್ದೂ ಇಲ್ಲಿ ಕನ್ನಡ ಅಕ್ಷರದಲ್ಲಿ, ಆಂಧ್ರದಲ್ಲಿ ತೆಲುಗು ಅಕ್ಷರದಲ್ಲಿ, ಮಹಾರಾಷ್ಟ್ರದಲ್ಲಿ ನಾಗರಿಯಲ್ಲಿ ಇರುತ್ತದೆ. ಒಂದೇ ಹಾಡು ಮೂರು ಭಾಷೆಯ ಕಪಾಟುಗಳಲ್ಲಿ ಬೇರೆ ಬೇರೆ ಹಾಡಾಗಿ ಕೂರುತ್ತದೆ.

ಸಂಶೋಧಕಿ: ಆದರೂ ಒಂದು ಆಕ್ಷೇಪ ಸರ್. ಕಂಪನಿಯ ಸರ್ವೇಯರ್ ಕಾಲಿನ್ ಮೆಕೆಂಜಿ 1799ರಲ್ಲಿ ಹಂಪಿಯ ನಕ್ಷೆ ತೆಗೆದಾಗ, ಅವನ ಜನ ಊರೂರಿನ ವೃತ್ತಾಂತವಾದ ಕೈಫಿಯತ್ತು ಬರೆಸಿಕೊಂಡಾಗ ಅವರೂ ಆರಿಸಿಯೇ ಬರೆದರು. ಶಾನುಭೋಗ ಹೇಳಿದ್ದು ಸೇರಿತು, ಕೇರಿಯವರು ಹೇಳಿದ್ದು ಸೇರಲಿಲ್ಲ. ಶಾಸನವೂ ದಾನ ಕೊಟ್ಟವರ ಮಾತು, ಕೂಲಿ ಮಾಡಿದವರದಲ್ಲ. ಪಕ್ಷಪಾತವಿಲ್ಲದ ಆಕರ ಎಲ್ಲಿದೆ? ಡಿಜಿಟಲ್ ಸಂಗ್ರಹವನ್ನೇ ಏಕೆ ಕಟಕಟೆಗೆ ನಿಲ್ಲಿಸಬೇಕು?

ಶಾಸನಜ್ಞರು: ಸರಿಯಾದ ಆಕ್ಷೇಪ. ವ್ಯತ್ಯಾಸ ಒಂದೇ. ದಫ್ತರದಲ್ಲಿ ಕೂತು ಓದುವವನಿಗೆ ಹರಿದ ಪುಟ, ಖಾಲಿ ಕಪಾಟು, ‘ಹುಳ ತಿಂದಿದೆ’ ಎಂಬ ಚೀಟಿ ಕಣ್ಣಿಗೆ ಬೀಳುತ್ತವೆ. ಹುಡುಕು ಪೆಟ್ಟಿಗೆ ಕೊಡುವುದು ಬರಿಯ ಸೊನ್ನೆ. ಆ ದಾಖಲೆ ಹುಟ್ಟಲೇ ಇಲ್ಲವೋ, ಹುಟ್ಟಿ ನಾಶವಾಯಿತೋ, ಹೈದರಾಬಾದಿನಲ್ಲಿದೆಯೋ, ಸ್ಕ್ಯಾನ್ ಆಗಿಲ್ಲವೋ, ಸ್ಕ್ಯಾನ್ ಆಗಿ ಅಕ್ಷರ ತಪ್ಪಿತೋ, ಬೇರೆ ಕಾಗುಣಿತದಲ್ಲಿದೆಯೋ, ಆರಕ್ಕೂ ಅದೇ ಸೊನ್ನೆ. ಓದುಗ ಅದನ್ನು ಮೊದಲನೆಯ ಅರ್ಥದಲ್ಲಿ ತೆಗೆದುಕೊಳ್ಳುತ್ತಾನೆ.

ಸಂಶೋಧಕಿ: ಹಾಗಿದ್ದರೆ ಪ್ರಬಂಧದ ವಿಧಾನದ ಅಧ್ಯಾಯದಲ್ಲಿ ಏನು ಬರಬೇಕು?

ಶಾಸನಜ್ಞರು: ಸಂಗ್ರಹದ ಜಾತಕ. ಯಾರು ಕಟ್ಟಿದರು, ಯಾವ ಹಣದಿಂದ, ಯಾವ ಗ್ರಂಥಾಲಯದ ಯಾವ ಭಾಗ ಸ್ಕ್ಯಾನ್ ಆಯಿತು, ಯಾವುದು ಉಳಿಯಿತು. ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟದಲ್ಲಿ ಕಂಪ್ಲಿಯ ಶಾಸನ ಎಷ್ಟಿವೆ, ಬಳಸಿದ ದತ್ತಾಂಶದಲ್ಲಿ ಎಷ್ಟಿವೆ, ಈ ಎರಡು ಸಂಖ್ಯೆ ಪಕ್ಕಪಕ್ಕ ಬರಲಿ. ಹುಡುಕಿದ ಪದಗಳ ಪಟ್ಟಿ, ಅವುಗಳ ಎಲ್ಲ ಕಾಗುಣಿತ, ಹುಡುಕಿದ ತಾರೀಖು ಬರಲಿ.

ಸಂಶೋಧಕಿ: ತಾರೀಖು ಏಕೆ? ಶಾಸನ ಬದಲಾಗುವುದಿಲ್ಲವಲ್ಲ.

ಶಾಸನಜ್ಞರು: ಶಾಸನ ಬದಲಾಗುವುದಿಲ್ಲ, ಜಾಲತಾಣ ಬದಲಾಗುತ್ತದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಹಕ್ಕುಸ್ವಾಮ್ಯದ ಕಾರಣಕ್ಕೆ 2017ರಲ್ಲಿ ಬಾಗಿಲು ಹಾಕಿಕೊಂಡಿತು. ಅದರ ಪುಸ್ತಕಗಳು ಉಳಿದದ್ದು ಯಾರೋ ಮುಂದಾಲೋಚನೆಯಿಂದ ಅಮೆರಿಕದ ಇಂಟರ್ನೆಟ್ ಆರ್ಕೈವಿಗೆ ನಕಲು ಮಾಡಿದ್ದರಿಂದ, ಪುಸ್ತಕದ ಹೆಸರುಗಳು ಗುರುತು ಸಿಗದ ರೋಮನ್ ಲಿಪಿಯಲ್ಲಿ. 2024ರ ಅಕ್ಟೋಬರಿನಲ್ಲಿ ಆ ಆರ್ಕೈವಿನ ಮೇಲೆ ಸೈಬರ್ ದಾಳಿಯಾಗಿ ಕೆಲವು ದಿನ ಅದೂ ಸಿಗಲಿಲ್ಲ. ಆ ವಾರ ಹುಡುಕಿದವರಿಗೆ ಕಂಪ್ಲಿಯೂ ಇಲ್ಲ, ಕುಮಾರರಾಮನೂ ಇಲ್ಲ. ಆದ್ದರಿಂದ ಬಳಸಿದ ಪ್ರತಿಯನ್ನು ಇಳಿಸಿಟ್ಟುಕೊಂಡು ಒಂದು ನಕಲನ್ನು ವಿಭಾಗದ ಗ್ರಂಥಾಲಯಕ್ಕೂ ಕೊಡಬೇಕು. ಇನ್ನು ಪಟ್ಟಿಯಲ್ಲಿ ಸಿಗದ ಶಾಸನಗಳಿದ್ದರೆ ಕಂಪ್ಲಿಗೆ ಬೆಳಗಿನ ಬಸ್ಸಿದೆ. ಕೋಟೆಯ ಹತ್ತಿರ ಇಳಿದು ಗುಡಿಗಳ ಕಲ್ಲುಗಳನ್ನು ಒಂದೊಂದಾಗಿ ನೋಡಿಕೊಂಡು ಬಂದರೆ, ಸೊನ್ನೆ ಎಂದು ಬಂದದ್ದರಲ್ಲಿ ಎಷ್ಟು ನಿಜವಾಗಿ ಸೊನ್ನೆ ಎಂಬ ಮೂರನೆಯ ಸಂಖ್ಯೆಯನ್ನೂ ಆ ಕೋಷ್ಟಕಕ್ಕೆ ಸೇರಿಸಬಹುದು.